ವಿಂಡೋಸ್‌ನಲ್ಲಿ ಸರಿ ಓಡುತ್ತೆ, ಲಿನಕ್ಸ್‌ನಲ್ಲಿ ಮೆಷಿನ್ ಅದಲುಬದಲು! ಥ್ರೆಡ್ ಗೊತ್ತಿರೋರು ನೋಡಿ

ಭೋಸರಿ_ಕನ್ನಡಿಗ
ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ಕಂಪನಿಯಲ್ಲಿದ್ದೇನೆ. ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಮೆಷಿನ್‌ಗಳಿಂದ ಡೇಟಾ ತರುವ ಪ್ರೋಗ್ರಾಂ ನಮ್ಮದು, ಸಿ ಭಾಷೆ, ಮೆಷಿನ್‌ಗೊಂದು ಥ್ರೆಡ್ (ಒಂದೇ ಪ್ರೋಗ್ರಾಂ ಒಳಗೆ ಜೊತೆಜೊತೆಗೆ ಓಡುವ ಕೆಲಸ). ವಿಂಡೋಸ್‌ನಲ್ಲಿ ಯಾವ ತಕರಾರೂ ಇರಲಿಲ್ಲ. ಈಗ ಲಿನಕ್ಸ್‌ಗೆ ತಂದಿದ್ದೇವೆ, ಬಾಸ್‌ಗೆ ಅವರ ಮ್ಯಾಕ್‌ನಲ್ಲೂ ಬೇಕಂತೆ. ಬೆಳಗಿನ ಶಿಫ್ಟ್‌ನಲ್ಲಿ ಎಲ್ಲ ಥ್ರೆಡ್ ಒಟ್ಟಿಗೆ ಶುರುವಾದಾಗ ಲೇತ್‌ಗೆ ಹೋಗಬೇಕಾದ ಕನೆಕ್ಷನ್ ಒಮ್ಮೊಮ್ಮೆ ಮಿಲ್ಲಿಂಗ್ ಮೆಷಿನ್‌ಗೆ ಹೋಗುತ್ತದೆ. ಮೆಷಿನ್ ಹೆಸರಿನಿಂದ ಅದರ ನೆಟ್‌ವರ್ಕ್ ವಿಳಾಸ ಹುಡುಕೋಕೆ ಗೆಟ್‌ಹೋಸ್ಟ್‌ಬೈನೇಮ್ ಫಂಕ್ಷನ್ ಬಳಸಿದ್ದೇವೆ. ಇನ್ನೊಂದು, ನಿಲ್ಲಿಸುವಾಗ ಮುಖ್ಯ ಥ್ರೆಡ್ ಸಾಕೆಟ್ (ನೆಟ್‌ವರ್ಕ್ ಕನೆಕ್ಷನ್‌ನ ತುದಿ) ಕ್ಲೋಸ್ ಮಾಡಿದರೂ ರಿಸೀವ್‌ನಲ್ಲಿ ಡೇಟಾಗೆ ಕಾಯುತ್ತ ಕೂತ ಥ್ರೆಡ್ ಏಳುವುದೇ ಇಲ್ಲ. ಎಲ್ಲದಕ್ಕೂ ಮ್ಯೂಟೆಕ್ಸ್ (ಒಮ್ಮೆಗೆ ಒಂದೇ ಥ್ರೆಡ್ಡನ್ನು ಒಳಗೆ ಬಿಡುವ ಬೀಗ) ಹಾಕಿಬಿಡಲಾ?

ಹಳೇ_ಸಾಕೆಟ್
ಮ್ಯೂಟೆಕ್ಸ್ ಬೇಡ ಮಾರಾಯ. ಒಂದು ಹೆಸರು ಸಿಗೋದು ತಡವಾದರೆ ಉಳಿದ ಥ್ರೆಡ್‌ಗಳೆಲ್ಲ ಸುಮ್ನೆ ಕಾಯುತ್ತ ಕೂರುತ್ತವೆ. ಗೆಟ್‌ಹೋಸ್ಟ್‌ಬೈನೇಮ್ ಲಿನಕ್ಸ್‌ನಲ್ಲಿ ಉತ್ತರವನ್ನು ಇಡೀ ಪ್ರೋಗ್ರಾಂಗೆ ಇರುವ ಒಂದೇ ಬಫರ್‌ನಲ್ಲಿ (ಮೆಮೊರಿಯ ಜಾಗ) ಬರೆಯುತ್ತದೆ. ನೀವು ಓದುವಷ್ಟರಲ್ಲಿ ಪಕ್ಕದ ಥ್ರೆಡ್ ಅದರ ಮೇಲೆ ತನ್ನದನ್ನು ಬರೆದಿರುತ್ತದೆ. ವಿಂಡೋಸ್‌ನಲ್ಲಿ ಪ್ರತಿ ಥ್ರೆಡ್‌ಗೂ ಬೇರೆ ಬಫರ್, ಅದಕ್ಕೇ ಅಲ್ಲಿ ಬಚಾವಾಗಿದ್ದು. ಹೆಸರಿನ ಕೊನೆಗೆ ಅಂಡರ್‌ಸ್ಕೋರ್ ಆರ್ ಇರುವ, ಥ್ರೆಡ್‌ಗಳಿಗಂತ ಮಾಡಿದ ಅದರ ರೂಪದ ಕಡೆಗೂ ಹೋಗಬೇಡಿ. ಲಿನಕ್ಸ್‌ನಲ್ಲಿ ಅದಕ್ಕೆ 6 ಆರ್ಗ್ಯುಮೆಂಟ್, ಸೊಲಾರಿಸ್ ಅನ್ನೋ ಯುನಿಕ್ಸ್‌ನಲ್ಲಿ 5, ಮ್ಯಾಕ್‌ನಲ್ಲಿ ಅದು ಇಲ್ಲವೇ ಇಲ್ಲ. ಅದರ ಬದಲು ಗೆಟ್‌ಅಡ್ರ್‌ಇನ್ಫೋ ಬಳಸಿ. ಯುನಿಕ್ಸ್ ಮಾದರಿ ಸಿಸ್ಟಂಗಳ ಮಾನದಂಡವಾದ ಪಾಸಿಕ್ಸ್‌ನಲ್ಲಿ 2001ರಿಂದ ಇದೆ, ಥ್ರೆಡ್‌ಗೆ ಸೇಫ್ ಇರಲೇಬೇಕು ಅಂತ ನಿಯಮವೂ ಇದೆ, ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರೂ ಕಡೆ ಸಿಗುತ್ತದೆ. ಕೆಲಸ ಮುಗಿದ ಮೇಲೆ ಅದು ಕೊಟ್ಟ ಮೆಮೊರಿ ಫ್ರೀ ಮಾಡೋದು ಮರೆಯಬೇಡಿ, ಅಷ್ಟೇ.

ಡೊಂಬಿವಲಿ_ಲೋಕಲ್
ಎರಡನೆಯದು ಇದಕ್ಕಿಂತ ಅಪಾಯ. ಲಿನಕ್ಸ್‌ನಲ್ಲಿ ಬೇರೆ ಥ್ರೆಡ್ ಕ್ಲೋಸ್ ಮಾಡಿದರೆ ರಿಸೀವ್‌ನಲ್ಲಿ ಕೂತವನಿಗೆ ಗೊತ್ತೇ ಆಗೋದಿಲ್ಲ. ಅದು ಹೋಗಲಿ, 7ನೇ ನಂಬರಿನ ಸಾಕೆಟ್ ಮುಚ್ಚಿದಿರಿ ಅಂದುಕೊಳ್ಳಿ. ಖಾಲಿ ಇರುವುದರಲ್ಲಿ ಅತಿ ಚಿಕ್ಕ ನಂಬರ್ ಕೊಡೋದು ಯುನಿಕ್ಸ್ ಪದ್ಧತಿ. ಹಾಗಾಗಿ ಮುಂದೆ ಯಾರೋ ಓಪನ್ ಮಾಡಿದ ಫೈಲಿಗೋ ಸಾಕೆಟ್‌ಗೋ ಅದೇ 7 ಸಿಕ್ಕಿಬಿಡಬಹುದು, ಹಳೇ ಥ್ರೆಡ್ ಮತ್ತೆ ರಿಸೀವ್ ಕರೆದಾಗ ಇನ್ಯಾರದ್ದೋ ಡೇಟಾ ಓದುತ್ತದೆ, ಎರರ್ ಕೂಡ ಬರಲ್ಲ. ಸಾಕೆಟ್ ಯಾವ ಥ್ರೆಡ್‌ದೋ ಅದೇ ಮುಚ್ಚಬೇಕು. ಹೊರಗಿನ ಥ್ರೆಡ್‌ಗಳು ಸಾಕೆಟ್‌ನ ಶಟ್‌ಡೌನ್ ಫಂಕ್ಷನ್ ಮಾತ್ರ ಕರೆಯಲಿ, ರಿಸೀವ್ ಎದ್ದು ಬರುತ್ತದೆ.

ಆದರೆ ಆಕ್ಸೆಪ್ಟ್‌ನಲ್ಲಿ (ಹೊಸ ಕನೆಕ್ಷನ್‌ಗೆ ಕಾಯುವ ಫಂಕ್ಷನ್) ಕೂತ ಥ್ರೆಡ್‌ಗೆ ಈ ಉಪಾಯ ಲಿನಕ್ಸ್‌ನಲ್ಲಿ ನಡೆಯುತ್ತೆ, ಮ್ಯಾಕ್‌ನಲ್ಲಿ ನಡೆಯಲ್ಲ. ಅಲ್ಲಿ ಪೋಲ್ (ಹಲವು ಕಡೆಯ ಡೇಟಾಗೆ ಒಟ್ಟಿಗೆ ಕಾಯುವ ಫಂಕ್ಷನ್) ಜೊತೆ ಒಂದು ಪೈಪ್ (ಪ್ರೋಗ್ರಾಂ ಒಳಗಿನ ಡೇಟಾ ಕೊಳವೆ) ಇಟ್ಟು, ಎಬ್ಬಿಸಬೇಕಾದಾಗ ಒಂದು ಬೈಟ್ ಬರೆಯಿರಿ. ವಿಂಡೋಸ್‌ನಲ್ಲಿ ಅದೇ ಥರ ಕಾಯುವ ಸೆಲೆಕ್ಟ್ ಫಂಕ್ಷನ್ ಪೈಪ್ ತಗೊಳ್ಳಲ್ಲ, ಸಾಕೆಟ್ ಮಾತ್ರ. ಅಲ್ಲಿಗೆ ಲೂಪ್‌ಬ್ಯಾಕ್ (ಅದೇ ಕಂಪ್ಯೂಟರ್‌ಗೇ ಮರಳುವ) ಯುಡಿಪಿ ಸಾಕೆಟ್ ಸಾಕು.

ಭೋಸರಿ_ಕನ್ನಡಿಗ
ಅಬ್ಬಾ, ಲಾಗ್‌ನಲ್ಲಿ ಅರ್ಥವೇ ಆಗದ ಬೈಟ್‌ಗಳು ಬರ್ತಿದ್ದದ್ದು ಇದಕ್ಕೇ ಇರಬೇಕು. ಮ್ಯಾಕ್‌ನಲ್ಲಿ ಮೆಷಿನ್ ಆಫ್ ಮಾಡಿದರೆ ನಮ್ಮ ಪ್ರೋಗ್ರಾಂ ಮಾತಿಲ್ಲದೆ ಸಾಯುತ್ತದೆ, ಅದೂ ಇದೇನಾ?

ಹಳೇ_ಸಾಕೆಟ್
ಅಲ್ಲ, ಅದು ಸಿಗ್‌ಪೈಪ್ ಇರಬೇಕು. ಆ ಕಡೆಯವರು ಮುಚ್ಚಿದ ಕನೆಕ್ಷನ್‌ಗೆ ಬರೆದರೆ ಈ ಸಿಗ್ನಲ್ ಬರುತ್ತದೆ, ಒಂದು ಥ್ರೆಡ್ ಅಲ್ಲ, ಇಡೀ ಪ್ರೋಗ್ರಾಂ ಹೋಗುತ್ತದೆ. ಶುರುವಿನಲ್ಲೇ ಅದನ್ನು ಇಗ್ನೋರ್ ಮಾಡಿ, ಆಗ ಸೆಂಡ್ ಬರೀ ಎರರ್ ಕೊಡುತ್ತದೆ. ವಿಂಡೋಸ್‌ನಲ್ಲಿ ಈ ಸಿಗ್ನಲ್ಲೇ ಇಲ್ಲ. ಎರರ್ ನಂಬರ್ (ಎರ್‌ನೋ) ಮಾತ್ರ ತಕ್ಷಣ ಒಂದು ವೇರಿಯಬಲ್‌ಗೆ ಎತ್ತಿಟ್ಟುಕೊಳ್ಳಿ, ಲಾಗ್ ಆಮೇಲೆ ಬರೆಯಿರಿ. ಅದು ಥ್ರೆಡ್‌ಗೊಂದು ಇರುತ್ತೆ ನಿಜ, ಆದರೆ ಲಾಗ್ ಬರೆಯುವ ಫಂಕ್ಷನ್ನೇ ಅದನ್ನು ಬದಲಾಯಿಸಿಬಿಡಬಹುದು. ವಿಂಡೋಸ್‌ನಲ್ಲಿ ಸಾಕೆಟ್ ಎರರ್ ಎರ್‌ನೋದಲ್ಲಿ ಸಿಗಲ್ಲ, ಡಬ್ಲ್ಯುಎಸ್‌ಎ‌ಗೆಟ್‌ಲಾಸ್ಟ್‌ಎರರ್ ಕೇಳಬೇಕು. ಈ ವ್ಯತ್ಯಾಸಗಳನ್ನೆಲ್ಲ ಒಂದೇ ಫೈಲ್‌ನಲ್ಲಿ ಮುಚ್ಚಿಡಿ, ಕೋಡ್ ತುಂಬಾ ಇಫ್‌ಡೆಫ್ (ಸಿಸ್ಟಂಗೆ ತಕ್ಕ ಕೋಡ್ ಆರಿಸುವ ಸಾಲು) ಹರಡಿದರೆ ನಾಳೆ ಓದೋರು ಬಯ್ತಾರೆ.

ಡೊಂಬಿವಲಿ_ಲೋಕಲ್
ಈ ವ್ಯತ್ಯಾಸಗಳನ್ನು ತಾನೇ ನೋಡಿಕೊಳ್ಳುವ ಲಿಬ್‌ಯುವಿ ಲೈಬ್ರರಿ ಹಾಕ್ಕೊಂಡರೆ ಅರ್ಧ ತಲೆನೋವು ಕಮ್ಮಿ. ಆದರೆ ಅದರ ಲೂಪ್ (ಘಟನೆಗಳಿಗೆ ಕಾಯುತ್ತ ಸುತ್ತುವ ಭಾಗ) ಕೂಡ ಥ್ರೆಡ್ ಸೇಫ್ ಅಲ್ಲ. ಬೇರೆ ಥ್ರೆಡ್‌ನಿಂದ ಲೂಪನ್ನು ಎಬ್ಬಿಸೋಕೆ ಯುವಿ ಅಸಿಂಕ್ ಸೆಂಡ್ ಮಾತ್ರ ಬಳಸಿ. ಮೊದಲು ಗೆಟ್‌ಅಡ್ರ್‌ಇನ್ಫೋ ಹಾಕಿ ಒಂದು ಶಿಫ್ಟ್ ಓಡಿಸಿ ನೋಡಿ, ಏನಾಯ್ತು ಹೇಳಿ.