ಅಪ್‌ಡೇಟ್: ಅಜ್ಜನ ನೆನಪಿನ ಚಾಕು ಸ್ಪರ್ಧೆ

ಅಜ್ಜನ ತಿಥಿಗೆ ಸೇರುವ ಮೊಮ್ಮಕ್ಕಳಿಗೆ ಮಡಚುವ ಚಾಕುವಿನ ಸ್ಪರ್ಧೆ ಇಡಬೇಕು, ಯಾವ ಕೌಶಲ ಸೂಕ್ತ ಎಂದು ಕೇಳಿದ್ದೆ. ಸಲಹೆ ಕೊಟ್ಟ ಎಲ್ಲರಿಗೂ ಮನಸಾರೆ ವಂದನೆ. ಗರಿಕಡ್ಡಿ ಸುತ್ತೇ, ಅಂದರೆ ಕಡ್ಡಿಯನ್ನು ಚಾಕುವಿನಿಂದ ತೆಳುವಾಗಿ ಹೆರೆದು ಸುರುಳಿಗಳು ಗರಿಯಂತೆ ಅದಕ್ಕೇ ಅಂಟಿ ಉಳಿಯುವಂತೆ ಮಾಡುವ ಸುತ್ತೇ, ಎಲ್ಲಕ್ಕಿಂತ ಚೆನ್ನಾಗಿ ನಡೆಯಿತು.

ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಹಾಲೆ ಮರ ಮೃದು, ಇದಕ್ಕೂ ಒಪ್ಪುತ್ತದೆ. 2 ಸೆಂ.ಮೀ. ದಪ್ಪ, 25 ಸೆಂ.ಮೀ. ಉದ್ದದ, ಗಂಟಿಲ್ಲದ ಒಣ ತುಂಡು ಸಾಕು. 10 ನಿಮಿಷದಲ್ಲಿ ಕಡ್ಡಿಗೆ ಅಂಟಿಕೊಂಡೇ ಉಳಿದ ಸುರುಳಿಗಳನ್ನು ಎಣಿಸಬೇಕು. ಸುರುಳಿ ಉದುರುವುದು ಹೆಚ್ಚಾಗಿ ಕೋನದಿಂದ: ಅಲಗನ್ನು ಕಡಿದಾಗಿ ಹಿಡಿದರೆ ಅದು ಆಳಕ್ಕಿಳಿದು ದಪ್ಪ ಚಕ್ಕೆಯೇ ಹಾರುತ್ತದೆ. ಅಲಗನ್ನು ಬಹುತೇಕ ಚಪ್ಪಟೆಯಾಗಿಟ್ಟು, ಮಣಿಕಟ್ಟು ಬಿಗಿಹಿಡಿದು, ಭುಜದಿಂದ ತಳ್ಳಬೇಕು. ಕಡ್ಡಿಯ ತುದಿ ಮುಟ್ಟುವ ಮೊದಲೇ ನಿಲ್ಲಿಸಬೇಕು. ಮೊಂಡು ಅಲಗಿಗೆ ಬಲ ಹೆಚ್ಚು ಬೇಕು, ಆಗಲೇ ಜಾರುವುದು. ಚರ್ಮದ ಬೆಲ್ಟಿನ ಮೇಲೆ ಹಿಮ್ಮುಖವಾಗಿ (ಅಲಗಿನ ಬೆನ್ನು ಮುಂದಾಗಿ) ಎರಡೂ ಬದಿ ಉಜ್ಜಿಕೊಂಡರೆ, ಸ್ವಲ್ಪ ಮೊಂಡಾದ ಅಂಚು ಮತ್ತೆ ಹರಿತವಾಗುತ್ತದೆ.

ತೂತು ಕೊರೆಯುವ ಸುತ್ತನ್ನು ಕೈಬಿಟ್ಟೆವು. ಲಾಕ್ ಇಲ್ಲದ ಚಾಕುವಿನ ತುದಿಯಿಂದ ಒತ್ತಿದರೆ ಅಲಗು ಬೆರಳ ಮೇಲೆ ಮಡಚಿಕೊಳ್ಳುತ್ತದೆ. ಅಜ್ಜನ ಚಾಕುವೂ ಅಂಥದ್ದೇ. ಕೀಲಿಗೆ ಎಣ್ಣೆ ಬಿಟ್ಟು ಫೋಟೊದ ಮುಂದೆ ಇಟ್ಟೆವು. ಸ್ಪರ್ಧಿಗಳ ನಡುವೆ ಎರಡು ತೋಳಳತೆ ಅಂತರ ಇರಲೇಬೇಕು. ಚಿಕ್ಕವರಿಗೆ ಪೆನ್ಸಿಲ್ ಹೆರೆಯುವುದು, ಅದೂ ಪಕ್ಕದಲ್ಲೊಬ್ಬ ಹಿರಿಯರು ಕೂತಿದ್ದರೆ ಮಾತ್ರ.