ಪದಚರ್ಚೆ: ‘ಜೀವಾವಧಿ ತೆರಿಗೆ’ ಯಾರ ಜೀವದ್ದು? ಪೆಟ್ರೋಲಿಗೂ ‘ಅಬಕಾರಿ’ ಅನ್ನಬೇಕಾ?

ಎಲ್ಲರಿಗೂ ನಮಸ್ಕಾರ.

ಹಾಸನದಲ್ಲಿ ನನ್ನದೊಂದು ಚಿಕ್ಕ ಅಂಗಡಿ ಇದೆ. ಗಾಡಿಗಳ ಅರ್ಜಿ ತುಂಬುವುದು, ಆನ್‌ಲೈನಿನಲ್ಲಿ ತೆರಿಗೆ ಕಟ್ಟಿಕೊಡುವುದು, ಇನ್ಶೂರೆನ್ಸ್ ಮಾಡಿಸಿಕೊಡುವುದು ನನ್ನ ಕೆಲಸ. ಬಂದವರು ಕೇಳುವ ಪ್ರಶ್ನೆಗಳಲ್ಲಿ ಅರ್ಧ ದುಡ್ಡಿನ ಬಗ್ಗೆ, ಇನ್ನರ್ಧ ಪದಗಳ ಬಗ್ಗೆ. ದುಡ್ಡಿನ ಪ್ರಶ್ನೆಗೆ ಲೆಕ್ಕ ಹಾಕಿ ಹೇಳುತ್ತೇನೆ. ಪದದ ಪ್ರಶ್ನೆ ಬಂದಾಗ ತಡವರಿಸುತ್ತೇನೆ. ಅದಕ್ಕೇ ಈ ಪತ್ರ.

ಹೋದ ವಾರ ದುದ್ದ ಕಡೆಯ ಹಿರಿಯರೊಬ್ಬರು ಬಂದಿದ್ದರು. ಮಗ ಕೊಯಮತ್ತೂರಿನಲ್ಲಿ ಕೆಲಸದಲ್ಲಿದ್ದಾಗ ತಗೊಂಡ ಕಾರು, ತಮಿಳುನಾಡು ನಂಬರು. ಮಗ ಈಗ ಹೊರದೇಶದಲ್ಲಿದ್ದಾನೆ, ಕಾರು ಊರಿಗೆ ಬಂದಿದೆ. ಇಲ್ಲಿ ನೋಂದಣಿ ಮಾಡಿಸಿ ‘ಕೆಎ 13’ ಹಾಕಿಸಬೇಕು. ಕರ್ನಾಟಕದ ತೆರಿಗೆ ಹೊಸದಾಗಿ ಕಟ್ಟಬೇಕಾಗುತ್ತೆ ಅಂತ ಹೇಳಿ ಪರದೆ ಅವರ ಕಡೆ ತಿರುಗಿಸಿದೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ‘ಜೀವಾವಧಿ ತೆರಿಗೆ’ ಅನ್ನುವ ಕಡೆ ಬೆರಳಿಟ್ಟು ನಿಲ್ಲಿಸಿದರು.

“ಜೀವಾವಧಿ ಅಂದ್ರೆ ಸಾಯೋ ತನಕ ಅಲ್ವೇನಪ್ಪಾ? ನನ್ನ ಮಗ ಅಲ್ಲಿ ಒಂದ್ಸಲ ಕಟ್ಟವ್ನೆ. ಅವ್ನೂ ಚೆನ್ನಾಗವ್ನೆ, ಕಾರೂ ಚೆನ್ನಾಗೈತೆ. ಮತ್ತೆ ಈಗ ಯಾರ ಜೀವಕ್ಕೆ ಕಟ್ಟೋದು?”

ತಮಾಷೆಗೆ ಕೇಳಿದ್ದಲ್ಲ. ಪದ ಏನು ಹೇಳುತ್ತದೋ ಅದನ್ನೇ ನಂಬಿ ಕೇಳಿದ್ದು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

ನಾಲ್ಕು ದಿನದಿಂದ ಇದೇ ತಲೆಯಲ್ಲಿ ಓಡುತ್ತಿದೆ. ‘ಜೀವಾವಧಿ’ ಅಂದ ಕೂಡಲೇ ನಮ್ಮ ಕಿವಿಗೆ ಮೊದಲು ಬೀಳುವುದು ಜೀವಾವಧಿ ಶಿಕ್ಷೆ. ಅಲ್ಲಿ ಜೀವ ಮನುಷ್ಯನದು. ತೆರಿಗೆಯಲ್ಲಿ ಜೀವ ಗಾಡಿಯದು. ಆದರೆ ಕನ್ನಡದಲ್ಲಿ ವಸ್ತುವಿಗೆ ನಾವು ಜೀವ ಅನ್ನುವುದಿಲ್ಲ, ಬಾಳಿಕೆ ಅನ್ನುತ್ತೇವೆ. ಚಪ್ಪಲಿ ಬಾಳಿಕೆ ಬರುತ್ತೆ, ಬಟ್ಟೆ ಬಾಳಿಕೆ ಬರುತ್ತೆ, ಟೈರು ಬಾಳಿಕೆ ಬರುತ್ತೆ. ಹಾಗಾದರೆ ‘ಬಾಳಿಕೆ ತೆರಿಗೆ’ ಅನ್ನಬಹುದಾ? ಕೇಳಲು ಚೆನ್ನಾಗಿದೆ. ಆದರೆ ಅದೂ ಪೂರ್ತಿ ನಿಜ ಹೇಳುವುದಿಲ್ಲ. ಈ ತೆರಿಗೆ ರಾಜ್ಯದ ಗಡಿಯೊಳಗೆ ಮಾತ್ರ ನಡೆಯುತ್ತದೆ. ಗಾಡಿ ಖಾಯಂ ಆಗಿ ಬೇರೆ ರಾಜ್ಯಕ್ಕೆ ಹೋದರೆ ಅಲ್ಲಿ ಮತ್ತೆ ಕಟ್ಟಬೇಕು, ಇಲ್ಲಿ ಉಳಿದ ವರ್ಷಗಳ ಪಾಲನ್ನು ವಾಪಸ್ ಕೇಳಬೇಕು. ಹಳೇ ಗಾಡಿಗೆ ವಯಸ್ಸು ನೋಡಿ ತೆರಿಗೆ ಕಡಿಮೆ ಮಾಡುತ್ತಾರೆ. ಅಂದರೆ ಜೀವಕ್ಕಿಂತ ಮುಖ್ಯವಾದದ್ದು ಎರಡು: ಒಂದೇ ಸಲ ಕಟ್ಟುವುದು, ಈ ರಾಜ್ಯಕ್ಕೆ ಕಟ್ಟುವುದು. ಪದದಲ್ಲಿ ಎರಡೂ ಇಲ್ಲ.

ಜನ ಬಾಯಲ್ಲಿ ಆಡುವುದು ‘ಲೈಫ್ ಟ್ಯಾಕ್ಸ್’, ಇಲ್ಲವೇ ‘ರೋಡ್ ಟ್ಯಾಕ್ಸ್’. ರೋಡ್ ಟ್ಯಾಕ್ಸ್ ಅಂದಾಗ ಇನ್ನೊಂದು ತೊಡಕು. “ರೋಡಿಗೆ ಅಂತ ಅಷ್ಟು ದುಡ್ಡು ಕಟ್ಟಿದ ಮೇಲೆ ಶಾಂತಿಗ್ರಾಮದಲ್ಲಿ ಟೋಲ್ ಯಾಕೆ?” ಅಂತ ವಾರಕ್ಕೊಬ್ಬರಾದರೂ ಕೇಳುತ್ತಾರೆ. ಕಾನೂನಿನ ಹೆಸರಲ್ಲಿ ರೋಡೇ ಇಲ್ಲ. 1957ರ ಕರ್ನಾಟಕ ಮೋಟಾರು ವಾಹನಗಳ ತೆರಿಗೆ ಕಾಯ್ದೆ ಅದು. ತೆರಿಗೆ ವಾಹನದ ಮೇಲೆ, ಟೋಲು ಆ ರಸ್ತೆಯ ಮೇಲೆ. ಇಷ್ಟು ಬಿಡಿಸಿ ಹೇಳಿದರೆ ಜನರಿಗೆ ಅರ್ಥ ಆಗುತ್ತೆ. ಬಿಡಿಸಿ ಹೇಳಬೇಕಾದ ಕೆಲಸವನ್ನು ಪದವೇ ಮಾಡಬೇಕಿತ್ತು ಅನ್ನುವುದು ನನ್ನ ಸಂಕಟ.

‘ಹಸಿರು ತೆರಿಗೆ’ಯದೂ ಹೀಗೇ. ಹದಿನೈದು ವರ್ಷ ದಾಟಿದ ಸ್ವಂತ ಗಾಡಿಯ ನೋಂದಣಿ ಮುಂದುವರಿಸುವಾಗ ಇದನ್ನು ಕಟ್ಟಬೇಕು. ಹೊಗೆ ಜಾಸ್ತಿ ಬಿಡುತ್ತದೆ ಅನ್ನುವ ಕಾರಣಕ್ಕೆ ಹಾಕಿದ ತೆರಿಗೆ. ಆದರೆ ಈಗ ರಸ್ತೆಯಲ್ಲಿ ಹಸಿರು ಬೋರ್ಡ್ ಅಂದರೆ ಕರೆಂಟ್ ಗಾಡಿ. ಹಾಗಾಗಿ ಹಸಿರು ತೆರಿಗೆ ಅಂದರೆ ಎಲೆಕ್ಟ್ರಿಕ್ ಸ್ಕೂಟರಿನ ತೆರಿಗೆ ಅಂತಲೇ ಹೊಸಬರು ತಿಳಿಯುತ್ತಾರೆ. ಒಬ್ಬ ಹುಡುಗ ಅದೇ ಭಯದಲ್ಲಿ ಸ್ಕೂಟರಿನ ಮುಂಗಡ ಹಣ ವಾಪಸ್ ಕೇಳಲು ಹೊರಟಿದ್ದ. ಕೂರಿಸಿ ಹೇಳಿದೆ. ‘ಹೊಗೆ ತೆರಿಗೆ’ ಅಂತ ಇಟ್ಟಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ. ಕನ್ನಡದಲ್ಲಿ ಯೋಚನೆ ಮಾಡಿದವರು ಹೊಗೆ ಅಂತಲೇ ಇಡುತ್ತಿದ್ದರು ಅಂತ ನನ್ನ ನಂಬಿಕೆ.

ಈಗ ನನ್ನನ್ನು ಜಾಸ್ತಿ ಕಾಡುವ ಪದಕ್ಕೆ ಬರುತ್ತೇನೆ. ಅಬಕಾರಿ.

2021ರ ನವೆಂಬರಿನಲ್ಲಿ ಪೆಟ್ರೋಲಿಗೆ 5 ರೂಪಾಯಿ, ಡೀಸೆಲಿಗೆ 10 ರೂಪಾಯಿ ಸುಂಕ ಇಳಿಯಿತು. 2022ರ ಮೇ ತಿಂಗಳಲ್ಲಿ ಮತ್ತೆ 8 ಮತ್ತು 6 ರೂಪಾಯಿ. ಎರಡು ಸಲವೂ ಸುದ್ದಿಯಲ್ಲಿ ಬಂದ ಪದ ‘ಅಬಕಾರಿ ಸುಂಕ’. ನಮ್ಮಮ್ಮ ಟಿವಿ ನೋಡುತ್ತಾ, “ಪೆಟ್ರೋಲಿಗೂ ಹೆಂಡದ ಇಲಾಖೆಗೂ ಏನೋ ಸಂಬಂಧ?” ಅಂತ ಕೇಳಿದರು. ಅವರಿಗೆ ಅಬಕಾರಿ ಅಂದರೆ ಸಾರಾಯಿ ಹಿಡಿಯಲು ಬರುತ್ತಿದ್ದ ಜೀಪು. ಊರಲ್ಲಿ ಯಾರನ್ನು ಕೇಳಿದರೂ ಅದೇ ಅರ್ಥ. ಮೂಲ ನೋಡಿದರೂ ಅದೇ. ಪಾರಸಿಯಲ್ಲಿ ‘ಆಬ್’ ಅಂದರೆ ನೀರು. ‘ಆಬ್‌ಕಾರಿ’ ಅಂದರೆ ಮದ್ಯ ಇಳಿಸುವ ಕೆಲಸ, ಆಮೇಲೆ ಅದರ ಮೇಲಿನ ಸುಂಕ. ಕಾರ್ಖಾನೆಯಲ್ಲಿ ತಯಾರಾಗುವ ಮಾಲಿನ ಮೇಲಿನ ಸುಂಕಕ್ಕೂ ಕನ್ನಡದಲ್ಲಿ ಇದೇ ಹೆಸರು ಅಂಟಿಕೊಂಡಿತು. ಹಿಂದಿಯವರು ಇವೆರಡಕ್ಕೆ ಬೇರೆ ಬೇರೆ ಪದ ಇಟ್ಟುಕೊಂಡಿದ್ದಾರೆ. ನಾವು ಒಂದೇ ಪದದಲ್ಲಿ ಎರಡನ್ನೂ ತುಂಬಿದ್ದೇವೆ.

ಸುಮ್ನೆ ಪದದ ಚಂದಕ್ಕೆ ಈ ಮಾತು ಎತ್ತುತ್ತಿಲ್ಲ. ಮದ್ಯದ ಅಬಕಾರಿ ಸುಂಕ ರಾಜ್ಯದ್ದು. ಪೆಟ್ರೋಲಿನ ಅಬಕಾರಿ ಸುಂಕ ಕೇಂದ್ರದ್ದು. ಪೆಟ್ರೋಲಿನ ಮೇಲೆ ರಾಜ್ಯ ಹಾಕುವುದು ಮಾರಾಟ ತೆರಿಗೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಪೆಟ್ರೋಲ್, ಡೀಸೆಲ್ ಎರಡನ್ನೂ ಹೊರಗೆ ಬಿಟ್ಟರು. ಕುಡಿಯುವ ಮದ್ಯವನ್ನೂ ಹೊರಗೆ ಬಿಟ್ಟರು. ಹಾಗಾಗಿ ಹಳೇ ಪದಗಳು ಈ ಬಾಬ್ತುಗಳಲ್ಲಿ ಹಾಗೇ ಉಳಿದವು. ಬಂಕಿನ ಮುಂದೆ ನಿಂತ ಮನುಷ್ಯನಿಗೆ ಒಂದು ಲೀಟರಿನಲ್ಲಿ ದಿಲ್ಲಿಗೆಷ್ಟು, ಬೆಂಗಳೂರಿಗೆಷ್ಟು ಅಂತ ಪದದಿಂದ ತಿಳಿಯಬೇಕು. ‘ಅಬಕಾರಿ ಸುಂಕ ಏರಿತು’ ಅಂದಾಗ ಅವನು ಬೆಂಗಳೂರನ್ನು ಬೈಯುತ್ತಾನೆ. ಮಾರಾಟ ತೆರಿಗೆ ಏರಿದಾಗ ಕೆಲವರು ದಿಲ್ಲಿಯನ್ನು ಬೈಯುತ್ತಾರೆ. ಯಾರು ಯಾವಾಗ ಏರಿಸಿದರು ಅಂತ ಸರಿಯಾಗಿ ಗೊತ್ತಿದ್ದರೆ ತಾನೇ ಸರಿಯಾದ ಕಡೆ ಕೇಳೋದು?

ಒಂದು ಉದಾಹರಣೆ ಕೊಡುತ್ತೇನೆ. 2024ರ ಜೂನಿನಲ್ಲಿ ರಾಜ್ಯದ ಮಾರಾಟ ತೆರಿಗೆ ಪೆಟ್ರೋಲಿಗೆ 25.92ರಿಂದ 29.84 ಪರ್ಸೆಂಟ್ ಆಯಿತು, ಡೀಸೆಲಿಗೆ 14.34ರಿಂದ 18.44. ಮರುವರ್ಷ ಏಪ್ರಿಲ್ 1ರಿಂದ ಡೀಸೆಲಿಗೆ 21.17 ಪರ್ಸೆಂಟ್ ಆಗಿ ಲೀಟರಿಗೆ 2 ರೂಪಾಯಿಯಷ್ಟು ಜಾಸ್ತಿ ಆಯಿತು. ಅದೇ ತಿಂಗಳ ಎರಡನೇ ವಾರದಲ್ಲಿ ಕೇಂದ್ರವೂ ಸುಂಕವನ್ನು 2 ರೂಪಾಯಿ ಏರಿಸಿತು, ಆದರೆ ಬಂಕಿನ ಬೆಲೆ ಬದಲಾಗಲಿಲ್ಲ. ಎರಡೂ ಎರಡೆರಡು ರೂಪಾಯಿ, ಒಂದೇ ತಿಂಗಳು. ನನ್ನ ಅಂಗಡಿಯಲ್ಲಿ ಕೂತವರು ಎರಡನ್ನೂ ಕಲಸಿಕೊಂಡು ಜಗಳ ಆಡಿದರು. ಸಕಲೇಶಪುರ, ಮೂಡಿಗೆರೆ ಕಡೆಯ ತೋಟದವರಿಗೆ ಇದು ಬರೀ ಗಾಡಿಯ ಮಾತಲ್ಲ. ಕಾಫಿ ಹೂ ಅರಳಿಸುವ ‘ಹೂ ಮಳೆ’ ಕೈಕೊಟ್ಟ ವರ್ಷ ಡೀಸೆಲ್ ಪಂಪು ಹಚ್ಚಿ ಕಾಫಿ ಗಿಡಕ್ಕೆ ಸ್ಪ್ರಿಂಕ್ಲರಿನಲ್ಲಿ ನೀರು ಹೊಡೆಯಬೇಕು. ಬ್ಯಾರೆಲ್ ಲೆಕ್ಕದಲ್ಲಿ ಡೀಸೆಲ್ ತರುವವರಿಗೆ ಎರಡು ರೂಪಾಯಿ ಬಹಳ ದೊಡ್ಡದು.

‘ಉತ್ಪಾದನಾ ಸುಂಕ’ ಅನ್ನುವುದನ್ನು ಅಲ್ಲಲ್ಲಿ ಓದಿದ್ದೇನೆ. ಅಬಕಾರಿಗಿಂತ ಎಷ್ಟೋ ವಾಸಿ. ನಾನು ಅಂಗಡಿಯಲ್ಲಿ ಬಾಯಿಮಾತಿಗೆ ‘ಕೇಂದ್ರದ ಸುಂಕ’, ‘ರಾಜ್ಯದ ತೆರಿಗೆ’ ಅಂತಲೇ ಹೇಳುತ್ತೇನೆ. ಜನ ಒಂದೇ ಸಲಕ್ಕೆ ಹಿಡಿಯುತ್ತಾರೆ. ಬರವಣಿಗೆಯಲ್ಲೂ ಇದನ್ನೇ ಬಳಸಿದರೆ ತಪ್ಪಾ?

ಇನ್ನೊಂದು ಪದ ಬೇಕಾಗಿದೆ, ‘ಸ್ಲ್ಯಾಬ್’ ಅನ್ನುವುದಕ್ಕೆ, ಅಂದರೆ ಇಷ್ಟರಿಂದ ಇಷ್ಟು ಬೆಲೆಯವರೆಗೆ ಇಷ್ಟು ತೆರಿಗೆ ಅಂತ ಮಾಡಿದ ಭಾಗಕ್ಕೆ. ಸರ್ಕಾರಿ ಕನ್ನಡದಲ್ಲಿ ‘ಹಂತ’ ಅನ್ನುತ್ತಾರೆ. ನನಗೆ ‘ಮೆಟ್ಟಿಲು’ ಇಷ್ಟ. ಯಾಕೆ ಅಂದರೆ ಇಲ್ಲಿ ಕಾಲಿಟ್ಟರೆ ಪೂರ್ತಿ ಮೈ ಮೇಲೇರುತ್ತದೆ, ಮೇಲಿನ ದರ ಕಾರಿನ ಪೂರ್ತಿ ಬೆಲೆಗೆ ಬೀಳುತ್ತದೆ. ನಮ್ಮ ರಾಜ್ಯದ ಲೆಕ್ಕದಲ್ಲಿ 5ರಿಂದ 10 ಲಕ್ಷದ ಕಾರಿಗೆ 14 ಪರ್ಸೆಂಟ್, 10 ದಾಟಿ 20 ಲಕ್ಷದವರೆಗೆ 17. ಕಾರಿನ ಬೆಲೆ 9,90,000 ಇದ್ದರೆ ತೆರಿಗೆ 1,38,600. 10,10,000 ಇದ್ದರೆ 1,71,700. ಕಾರಿನ ಬೆಲೆ ಇಪ್ಪತ್ತು ಸಾವಿರ ಜಾಸ್ತಿ ಆದದ್ದಕ್ಕೆ ತೆರಿಗೆ ಮೂವತ್ತಮೂರು ಸಾವಿರದ ನೂರು ಜಾಸ್ತಿ. ಸೆಸ್ಸು ಬೇರೆ. ಹತ್ತು ಲಕ್ಷದ ಆಚೆ ಈಚೆ ಇರುವ ಕಾರಿನ ಕೊಟೇಶನ್ ಹಿಡಿದು ಬಂದವರಿಗೆ ನಾನು ಮೊದಲು ತೋರಿಸುವುದೇ ಈ ಮೆಟ್ಟಿಲು. ಎಷ್ಟೋ ಜನ ಅಲ್ಲೇ ಕೂತು ಮಾಡೆಲ್ ಬದಲಾಯಿಸಿದ್ದಾರೆ.

ಕಾರಿನ ಆಕಾರವನ್ನೂ ಮೆಟ್ಟಿಲೇ ತಿದ್ದಿದೆ. 2006ರ ಕೇಂದ್ರ ಬಜೆಟ್ಟಿನಲ್ಲಿ ಚಿಕ್ಕ ಕಾರಿಗೆ ಸುಂಕ 24ರಿಂದ 16 ಪರ್ಸೆಂಟಿಗೆ ಇಳಿಸಿದರು. ಚಿಕ್ಕದು ಅಂದರೆ ಉದ್ದ ನಾಲ್ಕು ಮೀಟರಿನೊಳಗೆ. ಇಂಜಿನ್ನು ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ದಾಟಬಾರದು. ಆಮೇಲೆ ಡಿಕ್ಕಿ ಮೊಟಕಾದ ಕಾರುಗಳು ಬಂದವು. 2012ರಲ್ಲಿ ಬಂದ ಮಾರುತಿ ಡಿಸೈರ್ ಕಾರು 3995 ಮಿಲಿಮೀಟರ್ ಇತ್ತು, ನಾಲ್ಕು ಮೀಟರಿಗೆ ಐದು ಮಿಲಿಮೀಟರ್ ಈಚೆಗೆ. ಜಿಎಸ್‌ಟಿಯಲ್ಲೂ ಅದೇ ಅಳತೆ ಮುಂದುವರಿಯಿತು. 2025ರ ಸೆಪ್ಟೆಂಬರ್ 22ರಿಂದ ಆ ಅಳತೆಯೊಳಗಿನ ಪೆಟ್ರೋಲ್, ಡೀಸೆಲ್ ಕಾರಿಗೆ 18 ಪರ್ಸೆಂಟ್, ದೊಡ್ಡದಕ್ಕೆ 40. ಇಂಥ ಕಾರಿಗೆ ನಿಮ್ಮ ಕಡೆ ಏನಾದರೂ ಹೆಸರಿದೆಯಾ? ನಮ್ಮ ಮೆಕ್ಯಾನಿಕ್ ಒಬ್ಬರು ‘ಮೋಟು ಡಿಕ್ಕಿ’ ಅನ್ನುತ್ತಾರೆ. ಮೋಟು ಬಾಲ, ಮೋಟು ಜಡೆ ಇದ್ದ ಹಾಗೆ. ನನಗೆ ಬಹಳ ಹಿಡಿಸಿದ ಪದ.

ಜನ ಕಟ್ಟಿದ ಮಾತು ಎಷ್ಟು ಗಟ್ಟಿ ಅನ್ನುವುದಕ್ಕೆ ಇನ್ನೊಂದು: “ಗಾಡಿ ಎಷ್ಟು ಕೊಡುತ್ತೆ?” ಮೈಲೇಜ್ ಅನ್ನುವ ಪದವನ್ನೂ ಬಳಸದೆ ಕೇಳುವ ಪ್ರಶ್ನೆ ಇದು. ‘ಇಂಧನ ದಕ್ಷತೆ’ ಅಂತ ಯಾರ ಬಾಯಲ್ಲೂ ನಾನು ಕೇಳಿಲ್ಲ. ಹಸು ಎಷ್ಟು ಕೊಡುತ್ತೆ ಅಂತ ಕೇಳುವ ಜನ ನಾವು. ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ಅದೇ ಕ್ಯಾನ್ ಕಟ್ಟಿಕೊಂಡ ಬೈಕಿನಲ್ಲಿ ನನ್ನ ಅಂಗಡಿಗೆ ಬರುತ್ತಾರೆ. ಎರಡಕ್ಕೂ ಒಂದೇ ಕ್ರಿಯಾಪದ. ಪೆಟ್ರೋಲ್ ನೂರು ದಾಟಿದ ಮೇಲಂತೂ ಹೊಸ ಗಾಡಿ ಕಂಡರೆ ಮೊದಲ ಪ್ರಶ್ನೆ ಇದೇ.

ಹಾಗೇ ‘ತೆರಿಗೆ ವಿಧಿಸಲಾಗಿದೆ’ ಅಂತ ಕಾಗದ ಹೇಳುತ್ತದೆ, ಜನ ‘ಟ್ಯಾಕ್ಸ್ ಬೀಳುತ್ತೆ’ ಅನ್ನುತ್ತಾರೆ.

ಹಳೆಯ ಪದಗಳ ಕಡೆ ಒಮ್ಮೆ ನೋಡಿದೆ. ತೆರಿಗೆ ನಮ್ಮದೇ ‘ತೆರು’ ಧಾತುವಿನಿಂದ ಬಂದದ್ದು, ಸುಂಕ ಸಂಸ್ಕೃತದ ಶುಲ್ಕದಿಂದ. ನಮ್ಮ ಕಡೆಯ ಹಳೇ ಶಾಸನಗಳಲ್ಲಿ ಹೆಜ್ಜುಂಕ ಅನ್ನುವ ಪದ ಬರುತ್ತದೆ. ದೊಡ್ಡ ಸುಂಕ ಅಂತ ಅರ್ಥ. ಚಿಲ್ಲರೆ ಬಾಬ್ತಿನ ಸುಂಕಕ್ಕೆ ‘ಕಿರುಕುಳ’ ಅನ್ನುತ್ತಿದ್ದರು. ಇವತ್ತು ಕಿರುಕುಳಕ್ಕೆ ಏನರ್ಥ ಅಂತ ನಿಮಗೇ ಗೊತ್ತು. ಕಾಟ ಅನ್ನುವ ಅರ್ಥ ಬಂದದ್ದು ಸುಂಕದಿಂದಲೇ ಇರಬಹುದಾ, ಅಥವಾ ‘ಕಿರಿದು’ ಅನ್ನುವುದರಿಂದ ಬೇರೆ ದಾರಿಯಲ್ಲಿ ಬಂತಾ? ಶಾಸನ ಓದಿಕೊಂಡವರು ದಯವಿಟ್ಟು ತಿಳಿಸಿ. ಚಿಕ್ಕಮಗಳೂರಿನವರಿಗೆ ಇನ್ನೊಂದು ಪ್ರಶ್ನೆ. ಮೂಡಿಗೆರೆ ಕಡೆಯ ಸುಂಕಸಾಲೆಯ ಹೆಸರಲ್ಲೇ ಸುಂಕ ಇದೆ. ಘಟ್ಟ ಹತ್ತಿ ಬರುವ ಮಾಲಿಗೆ ಅಲ್ಲಿ ಸುಂಕದ ಕಟ್ಟೆ ಇತ್ತು ಅಂತ ಊರಿನ ಹಿರಿಯರು ಹೇಳುವುದನ್ನು ಕೇಳಿದ್ದೀರಾ?

ಇಷ್ಟೆಲ್ಲ ಕೇಳುತ್ತಿರುವುದಕ್ಕೆ ಒಂದು ಕೆಲಸದ ಕಾರಣ ಇದೆ. ಯಾವ ತೆರಿಗೆ, ಯಾರಿಗೆ, ಎಷ್ಟು ದಿನಕ್ಕೆ ಅಂತ ಒಂದು ಹಾಳೆಯಲ್ಲಿ ಬರೆದು ಅಂಗಡಿಯ ಗೋಡೆಗೆ ಅಂಟಿಸಬೇಕು. ದೊಡ್ಡ ಅಕ್ಷರ, ಕನ್ನಡಕ ಇಲ್ಲದೆ ಓದುವ ಹಾಗೆ. ‘ಕೇಂದ್ರದ ಸುಂಕ’, ‘ರಾಜ್ಯದ ತೆರಿಗೆ’, ‘ಹೊಗೆ ತೆರಿಗೆ’ ಬರೆದಾಗಿದೆ. ಹೊಗೆಯ ಪಕ್ಕದಲ್ಲಿ ಕಾಗದದ ಹೆಸರು ಹಸಿರು ಅಂತಲೂ ಚಿಕ್ಕದಾಗಿ ಹಾಕಿದ್ದೇನೆ, ಇಲ್ಲದಿದ್ದರೆ ಅರ್ಜಿಯಲ್ಲಿ ಹುಡುಕಲು ಕಷ್ಟ. ಮೊದಲ ಸಾಲು ಮಾತ್ರ ಖಾಲಿ. ‘ಬಾಳಿಕೆ ತೆರಿಗೆ’ ಅಂತ ಬರೆದು ಅಳಿಸಿದೆ. ‘ಒಂದೇ ಸಲದ ರಾಜ್ಯ ತೆರಿಗೆ’ ಅಂತ ಬರೆದರೆ ಉದ್ದ ಆಯಿತು.

ದುದ್ದದ ಹಿರಿಯರು ಶನಿವಾರ ಮತ್ತೆ ಬರುತ್ತಾರೆ, ತಮಿಳುನಾಡಿನ ಕಾಗದ ತಗೊಂಡು. ಅಷ್ಟರೊಳಗೆ ಒಂದು ಪದ ಹೇಳಿ.

ಹಾಸನದಿಂದ,
ನಿಮ್ಮವನು