ಸಿತಾರ್ ಕೇಳಿದರೆ ಬ್ಯಾಂಜೊ ಬರುತ್ತಿದೆ, ಪ್ರೋಗ್ರಾಂ ಚೇಂಜ್ ಸರಿಯಾಗಿ ಕಳಿಸೋದು ಹೇಗೆ?

ಕರಿಬಿಳಿಪಟ್ಟಿ:
ಎಲ್ಲರಿಗೂ ನಮಸ್ಕಾರ. ಊರಿನ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತೇನೆ. ಗಣೇಶನ ಹಬ್ಬ ಬಂತು ಅಂದರೆ ಹಾಡಿನ ಮೇಲೆ ಹಾಡು, ಪ್ರತಿ ಹಾಡಿಗೂ ಮೂರು ನಾಲ್ಕು ಟೋನ್, ಪಲ್ಲವಿ ಮುಗಿದು ಬಿಟ್ (ಮಧ್ಯದ ವಾದ್ಯದ ತುಣುಕು) ಬರುವಷ್ಟರಲ್ಲಿ ಬಟನ್ ಹುಡುಕೋದೇ ಕೆಲಸ. ಈಗ ಮೇಲಿನ ಸ್ಟ್ಯಾಂಡಿಗೆ ಒಂದು ಸೆಕೆಂಡ್ ಹ್ಯಾಂಡ್ ಸಿಂಥ್ ತಗೊಂಡಿದ್ದೇನೆ. ಅದರ ಟೋನ್‌ಗಳನ್ನು ಲ್ಯಾಪ್‌ಟಾಪ್‌ನಿಂದ ಮಿಡಿ (ವಾದ್ಯಗಳಿಗೆ ಸಂದೇಶ ಕಳಿಸುವ ವ್ಯವಸ್ಥೆ) ಮೂಲಕ, ಅಂದರೆ ಟೋನ್ ನಂಬರ್ ಹೇಳುವ ಪ್ರೋಗ್ರಾಂ ಚೇಂಜ್ ಸಂದೇಶ ಕಳಿಸಿ ಬದಲಿಸಬೇಕು.

ತೊಂದರೆ ಎರಡು. ಸಿತಾರ್‌ಗೆ 105 ಕಳಿಸಿದರೆ ಬ್ಯಾಂಜೊ ಬರುತ್ತದೆ. ಶಹನಾಯಿಗೆ 112 ಕಳಿಸಿದರೆ ಟಿಂಕಲ್ ಬೆಲ್! ಮದುವೆ ಹಾಡಿಗೆ ಶಹನಾಯಿ ಬರಬೇಕಾದ ಕಡೆ ಟಿಣ್ ಅಂದಿದ್ದಕ್ಕೆ ತಬಲಾದವರು ಇನ್ನೂ ನಗುತ್ತಿದ್ದಾರೆ. ಎರಡನೇದು, ಮ್ಯಾನುಯಲ್‌ನಲ್ಲಿ ಒಳ್ಳೆ ಸ್ಟ್ರಿಂಗ್ಸ್ ಎಲ್ಲಾ ಬೇರೆ ಬ್ಯಾಂಕಿನಲ್ಲಿವೆ (ಬ್ಯಾಂಕ್ ಅಂದರೆ ಟೋನ್‌ಗಳ ಗುಂಪು, ಅದರ ನಂಬರಿಗೆ ಎಂಎಸ್‌ಬಿ, ಎಲ್‌ಎಸ್‌ಬಿ ಅಂತ ಎರಡು ಭಾಗ), ಎಂಎಸ್‌ಬಿ 87, ಎಲ್‌ಎಸ್‌ಬಿ 65, ಪ್ರೋಗ್ರಾಂ 23 ಅಂತ ಮೂರು ಅಂಕಿ. ಮೂರನ್ನೂ ಕಳಿಸುತ್ತಿದ್ದೇನೆ, ಆದರೆ ಬ್ಯಾಂಕ್ ಒಂದು ಹಾಡು ತಡವಾಗಿ ಬರುತ್ತದೆ. ಈ ಹಾಡಿಗೆ ಒತ್ತಿದ್ದು ಮುಂದಿನ ಹಾಡಿಗೆ ಸಿಗುತ್ತದೆ. ಸಿಂಥ್ ಕೆಟ್ಟಿದೆಯಾ?

ಡಿನ್_ಕೇಬಲ್:
ಕೆಟ್ಟಿಲ್ಲ ಸರ್, ಹೇಳಿದ್ದನ್ನೇ ಮಾಡುತ್ತಿದೆ.

ಮೊದಲನೇದು ಸುಲಭ. ಕೇಬಲ್‌ನಲ್ಲಿ ಹೋಗುವ ಪ್ರೋಗ್ರಾಂ ನಂಬರ್ 0ಯಿಂದ 127. ಮ್ಯಾನುಯಲ್‌ನಲ್ಲಿ, ಡಿಸ್‌ಪ್ಲೇನಲ್ಲಿ ಜಾಸ್ತಿ ಕಂಪನಿಗಳು 1ರಿಂದ 128 ಅಂತ ತೋರಿಸುತ್ತವೆ. ಜನರಲ್ ಮಿಡಿ ಅನ್ನೋ ಎಲ್ಲಾ ಕಂಪನಿಗೂ ಸಾಮಾನ್ಯವಾದ ಟೋನ್ ಪಟ್ಟಿಯಲ್ಲಿ ಸಿತಾರ್ 105, ಅದರ ಪಕ್ಕ 106 ಬ್ಯಾಂಜೊ. ಶಹನಾಯಿ 112, ಪಕ್ಕದ 113 ಟಿಂಕಲ್ ಬೆಲ್. ನಿಮ್ಮ ಸಾಫ್ಟ್‌ವೇರ್ 0ಯಿಂದ ಎಣಿಸುತ್ತಿದೆ, ನೀವು 1ರಿಂದ. ಒಂದು ಕಳೆದು 104, 111 ಕಳಿಸಿ.

ಎರಡನೇದಕ್ಕೆ ಏನು ಹೋಗುತ್ತಿದೆ ಅಂತ ಕಣ್ಣಲ್ಲಿ ನೋಡಬೇಕು. ವಿಂಡೋಸ್ ಆದರೆ ಮಿಡಿ-ಆಕ್ಸ್ ಹಾಕಿಕೊಳ್ಳಿ, ಮ್ಯಾಕ್ ಆದರೆ ಮಿಡಿ ಮಾನಿಟರ್. ಎರಡೂ ಪುಕ್ಕಟೆ. ಸ್ಟ್ರಿಂಗ್ಸ್ ಬಟನ್ ಒತ್ತಿದಾಗ ಬರುವ ಸಾಲುಗಳನ್ನು ಇಲ್ಲಿ ಹಾಕಿ.

ಕರಿಬಿಳಿಪಟ್ಟಿ:
ಸಿತಾರ್ ಬಂತು!! ಸ್ಟ್ರಿಂಗ್ಸ್‌ಗೆ ಬಂದಿದ್ದು ಇದು:

ಸಿ0 17
ಬಿ0 00 57
ಬಿ0 20 41

ಡಿನ್_ಕೇಬಲ್:
ಸಿಕ್ಕಿತು. ಇದು ಹೆಕ್ಸ್, ಅಂದರೆ ಹತ್ತರ ಬದಲು ಹದಿನಾರರ ಲೆಕ್ಕದ ಎಣಿಕೆ. ಸಿ0 ಅಂದರೆ ಒಂದನೇ ಚಾನೆಲ್‌ಗೆ (ಒಂದೇ ಕೇಬಲ್‌ನೊಳಗಿನ ಬೇರೆ ಬೇರೆ ದಾರಿಗಳಲ್ಲಿ ಮೊದಲನೇದು) ಪ್ರೋಗ್ರಾಂ ಚೇಂಜ್, ಬಿ0 ಅಂದರೆ ಅದೇ ಚಾನೆಲ್‌ಗೆ ಕಂಟ್ರೋಲ್ ಚೇಂಜ್. 00 ಬ್ಯಾಂಕಿನ ಎಂಎಸ್‌ಬಿ, 20 ಅಂದರೆ ನಮ್ಮ ಲೆಕ್ಕದ 32, ಅದು ಎಲ್‌ಎಸ್‌ಬಿ. 57 ಅಂದರೆ 87, 41 ಅಂದರೆ 65. ಅಂಕಿ ಸರಿ ಇದೆ, ಸಾಲು ತಲೆಕೆಳಗು. ಬ್ಯಾಂಕ್ ನಂಬರ್ ತಲುಪಿದ ಕೂಡಲೇ ಸಿಂಥ್ ಏನೂ ಮಾಡುವುದಿಲ್ಲ, ನೆನಪಿಟ್ಟುಕೊಂಡು ಸುಮ್ನೆ ಕೂರುತ್ತದೆ. ಪ್ರೋಗ್ರಾಂ ಚೇಂಜ್ ಬಂದಾಗಲೇ ಟೋನ್ ಬದಲಾಗೋದು. ನೀವು ಪ್ರೋಗ್ರಾಂ ಮೊದಲು ಕಳಿಸಿ ಆಮೇಲೆ ಬ್ಯಾಂಕ್ ಕಳಿಸಿದರೆ ಆ ಬ್ಯಾಂಕ್ ಮುಂದಿನ ಹಾಡಿನ ಪ್ರೋಗ್ರಾಂಗೆ ಅಂಟಿಕೊಳ್ಳುತ್ತದೆ. ಅದಕ್ಕೇ ಒಂದು ಹಾಡು ತಡ. ಹೀಗೆ ಮಾಡಿ:

ಬಿ0 00 57
ಬಿ0 20 41
ಸಿ0 16

ಕೊನೆಯದು 16 ಯಾಕೆ ಅಂದರೆ 23ರಲ್ಲಿ ಒಂದು ಕಳೆದು 22, ಹೆಕ್ಸ್‌ನಲ್ಲಿ 16. ಬ್ಯಾಂಕಿನ ಅಂಕಿಗಳಲ್ಲಿ ಮಾತ್ರ ಒಂದು ಕಳೆಯಬೇಡಿ, ಮ್ಯಾನುಯಲ್‌ನಲ್ಲಿ ಅವು ಸಾಮಾನ್ಯವಾಗಿ ಕೇಬಲ್‌ನಲ್ಲಿ ಹೋಗುವ ಅಂಕಿಯೇ ಆಗಿರುತ್ತವೆ.

ಇನ್ನೊಂದು ವಿಷಯ, ಬ್ಯಾಂಕ್ ಒಮ್ಮೆ ಹೋದರೆ ಹಾಗೇ ಉಳಿಯುತ್ತದೆ. ಸ್ಟ್ರಿಂಗ್ಸ್ ಆದಮೇಲೆ ಬರೀ 104 ಕಳಿಸಿದರೆ ಸಿತಾರ್ ಬರುವುದಿಲ್ಲ, ಅದೇ 87/65 ಬ್ಯಾಂಕಿನ 105ನೇ ಟೋನ್ ಬರುತ್ತದೆ. ಹಾಗಾಗಿ ಯಾವ ಟೋನ್ ಆದರೂ ಮೂರು ಸಾಲೂ ಕಳಿಸಿ, ಸಿತಾರ್‌ಗೂ ಅದರ ಬ್ಯಾಂಕ್ ಸೇರಿಸಿ.

ರಾತ್ರಿರಾಗ:
ಡಿನ್ ಅವರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಸಿತಾರ್ ಯಾವ ಬ್ಯಾಂಕಿನಲ್ಲಿದೆ ಅನ್ನೋದಕ್ಕೆ ಎಲ್ಲಾ ಕಂಪನಿಗೂ ಒಂದೇ ಉತ್ತರ ಇಲ್ಲ. 1991ರ ಜನರಲ್ ಮಿಡಿಯಲ್ಲಿ 128 ಟೋನ್ ಮಾತ್ರ, ಬ್ಯಾಂಕಿನ ಗೊಡವೆಯೇ ಇಲ್ಲ. ರೋಲ್ಯಾಂಡ್‌ ಕಂಪನಿಯ ಜಿಎಸ್ ಪದ್ಧತಿ ಬೇರೆ ಬೇರೆ ವೇರಿಯೇಷನ್‌ಗೆ ಎಂಎಸ್‌ಬಿ ಬದಲಿಸುತ್ತದೆ. ಯಮಾಹಾದ ಎಕ್ಸ್‌ಜಿ ಪದ್ಧತಿಯಲ್ಲಿ ಎಂಎಸ್‌ಬಿ 0 ಇಟ್ಟು ಎಲ್‌ಎಸ್‌ಬಿ ಬದಲಿಸಬೇಕು. ಜನರಲ್ ಮಿಡಿ 2ರಲ್ಲಿ ರಾಗದ ಟೋನ್‌ಗಳಿಗೆ ಎಂಎಸ್‌ಬಿ 121, ಡ್ರಮ್‌ಗೆ 120. ಅದಕ್ಕೇ ಇಂಟರ್‌ನೆಟ್‌ನಲ್ಲಿ ಸಿಕ್ಕ ಯಾರದೋ ಪಟ್ಟಿ ನಂಬಬೇಡಿ, ನಿಮ್ಮ ಮಾಡೆಲ್‌ನ ಡೇಟಾ ಲಿಸ್ಟ್ ಅಂತ ಬೇರೆ ಪಿಡಿಎಫ್ ಇರುತ್ತದಲ್ವಾ, ಅದನ್ನೇ ನೋಡಿ.

ಏಬಲ್ಟನ್ ಲೈವ್ ಅನ್ನೋ ಸಂಗೀತದ ಸಾಫ್ಟ್‌ವೇರ್ ಬಳಸುವವರಿಗೆ: ಅದರ ಕ್ಲಿಪ್‌ನಲ್ಲಿ ಬ್ಯಾಂಕ್ (ಎಂಎಸ್‌ಬಿ), ಸಬ್ (ಎಲ್‌ಎಸ್‌ಬಿ), ಪ್ರೋಗ್ರಾಂ ಮೂರೂ 1ರಿಂದಲೇ ಎಣಿಕೆ. ಅಲ್ಲಿ 87 ಬೇಕಾದರೆ 88 ಹಾಕಬೇಕು. ತಲೆ ಕೆಡೋದು ಇಂಥದ್ದಕ್ಕೇ.

ತಮಟೆ_ತಂತಿ:
ಗುರುಗಳೇ, ಇಷ್ಟೆಲ್ಲ ಯಾಕೆ? ಸ್ಟೇಜ್ ಮೇಲೆ ಲ್ಯಾಪ್‌ಟಾಪ್ ಇಟ್ಟರೆ ಜನರೇಟರ್ ಕರೆಂಟು, ಯುಎಸ್‌ಬಿ ಕಿತ್ತುಕೊಳ್ಳೋದು, ಮಧ್ಯದಲ್ಲಿ ಅಪ್‌ಡೇಟ್... ನನಗಂತೂ ಬೇಡ. ಸಿಂಥ್‌ನಲ್ಲೇ ಹಾಡಿಗೊಂದು ಪರ್ಫಾರ್ಮೆನ್ಸ್ ಮಾಡಿ ಸೇವ್ ಮಾಡಿಕೊಳ್ಳಿ. ಎಡಗೈಗೆ ಸ್ಟ್ರಿಂಗ್ಸ್, ಬಲಗೈಗೆ ಕೊಳಲು, ವಾಲ್ಯೂಮ್, ರಿವರ್ಬ್ ಎಲ್ಲಾ ಅದರೊಳಗೇ ಕೂರುತ್ತದೆ. ಕಾರ್ಯಕ್ರಮದ ಹಾಡಿನ ಪಟ್ಟಿ ಯಾವ ಸಾಲಿನಲ್ಲಿದೆಯೋ ಅದೇ ಸಾಲಿನಲ್ಲಿ ಜೋಡಿಸಿದರೆ ಮುಂದಕ್ಕೆ ಅಂತ ಒಂದು ಬಟನ್ ಸಾಕು. ಗಾಯಕರು ಹಾಡು ಹಿಂದೆ ಮುಂದೆ ಮಾಡಿದರೆ ಕಷ್ಟ, ಅದು ಬೇರೆ ಮಾತು.

ರಾತ್ರಿರಾಗ:
ಅಣ್ಣಾ, ನಮ್ಮ ಕಡೆ ಪಟ್ಟಿಯಂತೆ ಹಾಡಿದ ಗಾಯಕರನ್ನು ನಾನು ನೋಡಿಲ್ಲ :) ಎರಡನ್ನೂ ಸೇರಿಸಿದರೆ ಚೆನ್ನ. ಪರ್ಫಾರ್ಮೆನ್ಸ್ ಸಿಂಥ್‌ನಲ್ಲೇ ಮಾಡಿಡಿ, ಲ್ಯಾಪ್‌ಟಾಪಿನಿಂದ ಅದನ್ನು ಕರೆಯಿರಿ. ಆದರೆ ಪರ್ಫಾರ್ಮೆನ್ಸ್ ಬದಲಿಸೋಕೆ ಅಂತ ಸುಮಾರು ಸಿಂಥ್‌ಗಳಲ್ಲಿ ಬೇರೆಯೇ ಕಂಟ್ರೋಲ್ ಚಾನೆಲ್ ಇರುತ್ತದೆ, ಸಿಸ್ಟಮ್ ಮೆನುವಿನಲ್ಲಿ ನೋಡಿ. ಅಲ್ಲೇ ಪ್ರೋಗ್ರಾಂ ಚೇಂಜ್, ಬ್ಯಾಂಕ್ ಸೆಲೆಕ್ಟ್ ತಗೊಳ್ಳೋ ಸ್ವಿಚ್‌ಗಳೂ ಆನ್ ಇರಬೇಕು. ಲ್ಯಾಪ್‌ಟಾಪ್ ಕೈಕೊಟ್ಟರೂ ಸಿಂಥ್‌ನ ಬಟನ್ ಇದ್ದೇ ಇದೆ.

ಕರಿಬಿಳಿಪಟ್ಟಿ:
ಸಾಲು ತಿರುಗಿಸಿದ ಮೇಲೆ ಸ್ಟ್ರಿಂಗ್ಸ್ ಸರಿಯಾಗಿ ಬಂತು, ತುಂಬಾ ಥ್ಯಾಂಕ್ಸ್. ಈಗ ಇನ್ನೊಂದು. ಹಾಡಿನ ಮಧ್ಯೆ ಟೋನ್ ಬದಲಿಸಿದರೆ ಎಳೆಯುತ್ತಿದ್ದ ಸ್ಟ್ರಿಂಗ್ಸ್ ಪಟ್ ಅಂತ ಕಟ್ ಆಗುತ್ತದೆ, ಆಮೇಲೆ ಒಂದು ಕ್ಷಣ ಮೌನ. ಮಿಡಿ ಕೇಬಲ್ ನಿಧಾನವಾ?

ಡಿನ್_ಕೇಬಲ್:
ಕೇಬಲ್ ಅಲ್ಲ. ಮಿಡಿ ವೇಗ ಸೆಕೆಂಡಿಗೆ 31,250 ಬಿಟ್. ಆ ಮೂರು ಸಾಲು ಸೇರಿ 8 ಬೈಟ್, ಕೇಬಲ್‌ನಲ್ಲಿ ಬೈಟಿಗೆ 10 ಬಿಟ್ ಲೆಕ್ಕ, ಹೋಗೋಕೆ 2.56 ಮಿಲಿಸೆಕೆಂಡ್, ಕಿವಿಗೆ ಗೊತ್ತೇ ಆಗಲ್ಲ. ಹೊಸ ಟೋನ್, ಅದರ ಎಫೆಕ್ಟ್ ಎಲ್ಲಾ ಹೊಂದಿಸಿಕೊಳ್ಳೋಕೆ ಸಿಂಥ್ ತಗೊಳ್ಳೋ ಹೊತ್ತು ಅದು. ಹೊಸ ಸಿಂಥ್‌ಗಳು ಕೆಲವು ಹಳೆ ನೋಟ್ ಉಳಿಸಿಕೊಂಡೇ ಬದಲಾಗುತ್ತವೆ, ಹಳೆಯವು ಹಾಗಲ್ಲ.

ಹಾಡು ಶುರುವಾಗೋ ಮುಂಚೆಯೇ ಚಾನೆಲ್ 1ಕ್ಕೆ ಸ್ಟ್ರಿಂಗ್ಸ್, 2ಕ್ಕೆ ಕೊಳಲು, 3ಕ್ಕೆ ಸಿತಾರ್ ಅಂತ ಪ್ರೋಗ್ರಾಂ ಚೇಂಜ್ ಕಳಿಸಿಬಿಡಿ. ಹಾಡಿನ ಮಧ್ಯೆ ಟೋನ್ ಮುಟ್ಟಬೇಡಿ, ಕೆಳಗಿನ ಕೀಬೋರ್ಡ್ ಯಾವ ಚಾನೆಲ್‌ಗೆ ಕಳಿಸಬೇಕು ಅನ್ನೋದನ್ನಷ್ಟೇ ಬದಲಿಸಿ. ಸ್ಟ್ರಿಂಗ್ಸ್ ತನ್ನ ಪಾಡಿಗೆ ಇಳಿಯುತ್ತಾ ಇರುತ್ತದೆ, ಮೇಲೆ ಕೊಳಲು ಶುರು. 10ನೇ ಚಾನೆಲ್ ಮಾತ್ರ ಬಿಡಿ, ಜನರಲ್ ಮಿಡಿಯಲ್ಲಿ ಅದು ಡ್ರಮ್‌ಗೆ.

ಸಸ್ಟೇನ್ ಪೆಡಲ್ ತುಳಿದುಕೊಂಡೇ ಚಾನೆಲ್ ಬದಲಿಸಬೇಡಿ. ಕೆಲವು ಕೀಬೋರ್ಡ್‌ಗಳಲ್ಲಿ ಪೆಡಲ್ ಬಿಟ್ಟ ಸುದ್ದಿ ಹೊಸ ಚಾನೆಲ್‌ಗೆ ಹೋಗುತ್ತದೆ, ಹಳೆಯದರಲ್ಲಿ ನೋಟ್ ಕೂಗುತ್ತಲೇ ಇರುತ್ತದೆ. ಹಾಗಾದರೆ ಹಳೆ ಚಾನೆಲ್‌ಗೆ ಸಿಸಿ 64 (ಸಸ್ಟೇನ್ ಪೆಡಲ್‌ನ ಕಂಟ್ರೋಲ್ ಚೇಂಜ್), ಬೆಲೆ 0 ಕಳಿಸಿದರೆ ನಿಲ್ಲುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಅದಕ್ಕೊಂದು ದೊಡ್ಡ ಬಟನ್ ಮಾಡಿಟ್ಟುಕೊಳ್ಳಿ.